ನಿಮ್ಮ ಹೆಸರಿನ ಸುಪಾರಿ

ದೇವಿದಾಸ ಸಂಸಾರ ಹೂಡಿಕೊಂಡು ಕಾರವಾರದ ಹಬ್ಬುವಾಡದ ಆ ಗಲ್ಲಿಗೆ ಬಂದ ಮೇಲೆ ಅಲ್ಲಿ ಸೈಕಲ್ ಕಳ್ಳತನ ನಿಂತಿತು. ಕುಡಿದು ಕೂಗಾಡುವವರು ಪಕ್ಕದ ಗಲ್ಲಿಗೆ ಹೋಗಿ ಕೂಗಾಡತೊಡಗಿದರು. ಕೇಬಲ್ ಬಾಡಿಗೆ ಕೇಳಲು ಬರುವವನು ಚಪ್ಪಲಿ ಕಳಚಿ ಗೇಟಿನ ಹೊರಗೇ ನಿಲ್ಲುತ್ತಿದ್ದ. ಇಷ್ಟೆಲ್ಲ ಉಪಕಾರಕ್ಕೆ ಗಲ್ಲಿಯವರು ಅವನಿಗೆ ಕೃತಜ್ಞರಾಗಿಯೇ ಇದ್ದರು, ದೂರದಿಂದ.

ಮೊದಲು ಅವನು ಸದಾಶಿವಗಡದವನು. ಗೋವೆಯ ಬಾಟಲಿಗಳನ್ನು ಗಡಿ ದಾಟಿಸುವುದು, ಹಾಗೆ ದಾಟಿಸುವ ಬೇರೆಯವರಿಂದ ವಸೂಲಿ ಮಾಡುವುದು, ಕೊಡದವರ ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು ಸುಮ್ಮನೆ ಕೂರುವುದು ಅವನ ವೃತ್ತಿಯಾಗಿತ್ತು. ಜನ ಕೊಯ್ತಾ ದೇವು ಎನ್ನುತ್ತಿದ್ದರು. ಕೊಯ್ತಾ ಎಂದರೆ ಎಳನೀರು ಕೊಚ್ಚುವ ಕತ್ತಿ. ಅವನು ಅದನ್ನು ಎಳನೀರಿಗೆ ಬಳಸಿದ್ದನ್ನು ಯಾರೂ ಕಂಡವರಿಲ್ಲ. ಎರಡು ಸಲ ಜೈಲು ಕಂಡು ಬಂದ. ಆಮೇಲೆ ನೀತಾಳನ್ನು ಕಂಡ. ಅವಳು ಅಂಕೋಲೆಯವಳು, ಬಿಣಗಾದ ಫ್ಯಾಕ್ಟರಿಯ ಪ್ರಯೋಗಾಲಯದಲ್ಲಿ ಕೆಲಸ. ಮದುವೆಗೆ ಒಂದೇ ಷರತ್ತು ಹಾಕಿದಳು: "ನಮ್ಮನೆ ಬಾಗ್ಲಿಗೆ ಪೊಲೀಸ್ ಜೀಪು ಬರ್ಬಾರ್ದು. ಬಂದ ದಿವ್ಸ ನಾನು ಅಂಕೋಲೆ ಬಸ್ಸು ಹತ್ತೂದೇ."

ಅವಳು ದುಡಿಯುವುದು, ಇವನು ಮನೆ ನೋಡಿಕೊಳ್ಳುವುದು ಎಂದಾಯಿತು. ಇವನಿಗೆ ಕೆಲಸ ಕೊಡುವವರು ಊರಲ್ಲಿ ಯಾರೂ ಇರಲಿಲ್ಲವಾದ್ದರಿಂದ ಈ ಏರ್ಪಾಡಿಗೆ ಯಾವ ತತ್ತ್ವದ ಹೆಸರನ್ನೂ ಹುಡುಕಬೇಕಾಗಲಿಲ್ಲ.

ಮನೆಗೆಲಸವನ್ನು ಅವನು ಹಳೆಯ ವೃತ್ತಿಯ ಶಿಸ್ತಿನಲ್ಲೇ ಮಾಡಿದ. ಮೀನುಪೇಟೆಗೆ ಹೋದರೆ ಬಂಗಡೆಯ ಕಿವಿರು ಎತ್ತಿ ನೋಡಿ, ಆಮೇಲೆ ಅಷ್ಟೇ ಹೊತ್ತು ಮಾರುವವಳ ಮುಖ ನೋಡುತ್ತಿದ್ದ. "ನಿನ್ನೆದಾ?" ಎಂದು ಅವನು ಮೆಲ್ಲಗೆ ಕೇಳಿದರೆ ಎಂಥವರಿಗೂ ಬೆವರು ಬರುತ್ತಿತ್ತು. ಗಂಗಿ ಒಬ್ಬಳು ಮಾತ್ರ, "ನಿನ್ನೆದು ನಿನ್ ಮುಖ. ತಕಂಬುದಾದ್ರೆ ತಕೋ, ಇಲ್ದಿದ್ರೆ ಗಾಳಿ ಬಿಡು" ಎನ್ನುತ್ತಿದ್ದಳು. ಅವನು ದಿನವೂ ಗಂಗಿಯ ಹತ್ತಿರವೇ ಮೀನು ಕೊಳ್ಳುತ್ತಿದ್ದ.

ಅವನಿಗೆ ಬಾರದ ಕೆಲಸ ಒಂದೇ, ಸುಮ್ಮನೆ ಕೂರುವುದು. ಹಿಂದೆ ಸಂಬಳಕ್ಕಾಗಿ ಕೂರುತ್ತಿದ್ದವನು ಈಗ ಸ್ವಂತಕ್ಕೆ ಕೂರಲಾರದವನಾದ. ಕುಕ್ಕರಿನ ಸೀಟಿ ಆಗುವವರೆಗೆ, ಗೋವೆ ಗಡಿಯ ಮಾಜಾಳಿ ಕಡೆಯಿಂದ ಬರಬೇಕಾದ ಗಾಡಿಯನ್ನು ಕಾಯುವವನ ಹಾಗೆ, ಗೋಡೆಗೆ ಬೆನ್ನು ಕೊಟ್ಟು ಕಿಟಕಿಯ ಒಂದು ಬದಿಗೆ ನಿಲ್ಲುತ್ತಿದ್ದ. ಒಗೆದ ಬಟ್ಟೆ ಒಣಗುವ ಮೊದಲೇ ಮೂರು ಸಲ ಮುಟ್ಟಿ ನೋಡುತ್ತಿದ್ದ. ಕೈಗೆ ಕೆಲಸವಿಲ್ಲದಾಗ ಚಾಕು ಮಸೆಯುತ್ತಿದ್ದ.

ಈ ಚಡಪಡಿಕೆ ಸಂಕ್ರಾಂತಿಯ ಹೊತ್ತಿಗೆ ಹೆಚ್ಚಾಗುತ್ತಿತ್ತು. ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ಕಾರವಾರದ ಮನೆಮನೆಗಳಲ್ಲಿ ಹಳದಿ-ಕುಂಕುಮ. ಹೆಂಗಸರು ಹೆಂಗಸರನ್ನು ಕರೆದು ಹಣೆಗೆ ಇಟ್ಟು, ಹೂ ಮುಡಿಸಿ, ತಿಳಗುಳವೆಂಬ ಎಳ್ಳುಬೆಲ್ಲದ ಉಂಡೆ, ಎಲೆ-ಅಡಿಕೆ ಮತ್ತು ವಾಣ ಕೊಟ್ಟು ಕಳಿಸುತ್ತಾರೆ. ವಾಣವೆಂದರೆ ಸಣ್ಣ ಉಡುಗೊರೆ. ಸಾಮಾನ್ಯವಾಗಿ ಮುಚ್ಚಳ ಸರಿಯಾಗಿ ಕೂರದ ಒಂದು ಪ್ಲಾಸ್ಟಿಕ್ ಡಬ್ಬಿ. ನೀತಾಳನ್ನು ಯಾರೂ ಕರೆಯುತ್ತಿರಲಿಲ್ಲ. ಅವಳನ್ನು ಕರೆದರೆ ಅವಳೂ ಕರೆಯುತ್ತಾಳೆ, ಕರೆದರೆ ಹೋಗಬೇಕಾಗುತ್ತದೆ ಎಂಬುದು ಗಲ್ಲಿಯ ಲೆಕ್ಕಾಚಾರ.

ಕಳೆದ ವರ್ಷ ಒಂದು ಸಂಜೆ ಹೊಸ ಸೀರೆಗಳ ಗುಂಪೊಂದು ಎದುರಿನ ವಕೀಲರ ಮನೆಯಿಂದ ನಗುತ್ತ ಹೊರಬಂದಾಗ ನೀತಾ ಪರದೆಯ ಹಿಂದೆ ನಿಂತಿದ್ದಳು. ಆಮೇಲೆ ಅಡುಗೆಮನೆಗೆ ಬಂದು, "ನಂಗೆ ಈ ವಾರ ನೈಟ್ ಶಿಫ್ಟ್ ಇದ್ದದ್ದೇ ಒಳ್ಳೇದಾಯ್ತು, ಹೋಗೂಕೆ ಎಲ್ಲಿ ಆಗ್ತಿತ್ತು" ಎಂದಳು. ಅವಳಿಗೆ ಆ ವಾರ ನೈಟ್ ಶಿಫ್ಟ್ ಇರಲಿಲ್ಲ. ಟಿಫಿನ್ ಕಟ್ಟಿಕೊಡುವವನಿಗೆ ಅಷ್ಟು ಗೊತ್ತಿರುತ್ತದೆ.

ಈ ವರ್ಷ ಅವನು ನೇರವಾಗಿ ಹೇಳಿದ: "ಶುಕ್ರವಾರ ನಮ್ಮಲ್ಲೇ ಮಾಡೂದು. ಕರಿಯೂ ಕೆಲ್ಸ ನಂದು."

"ಯಾರೂ ಬರೂದಿಲ್ಲ," ಎಂದಳು ನೀತಾ. "ಆಮೇಲೆ ನೀವು ಬೇಜಾರು ಮಾಡ್ಕಂಡು ಯಾರ ಮನೆ ಮುಂದಾದ್ರೂ ಕುರ್ಚಿ ಹಾಕ್ತ್ರಿ."

"ಕುರ್ಚಿ ಹಾಕೂದಿಲ್ಲ."

"ಆಣೆ?"

"ಗಂಗಿ ಆಣೆ."

ಅವಳು ನಕ್ಕಳು. ಮರುದಿನ ಬೆಳಿಗ್ಗೆ ಕಪಾಟಿನಲ್ಲಿ ಹಸಿರು ಸೀರೆ ಎಲ್ಲಕ್ಕಿಂತ ಮೇಲೆ ಬಂದು ಕೂತಿತ್ತು. ಅದನ್ನು ನೋಡಿದ ಮೇಲೆ ದೇವಿದಾಸನ ನಿದ್ದೆ ಹಾರಿಹೋಯಿತು. ಒಬ್ಬಳಾದರೂ ಬರಬೇಕಿತ್ತು. ಯಾರೂ ಬರದೆ ಆ ಸೀರೆ ಮತ್ತೆ ಮಡಿಕೆಯಾಗಿ ಕಪಾಟು ಸೇರಿದರೆ ಆ ಮಡಿಕೆ ಹಾಕಬೇಕಾದವನು ಅವನೇ.

ಕರೆಯುವ ಕ್ರಮ ಅವನಿಗೆ ತಿಳಿದಿರಲಿಲ್ಲ. ಜನರನ್ನು ಕರೆಸಿ ಗೊತ್ತಿತ್ತು, ಕರೆದು ಗೊತ್ತಿರಲಿಲ್ಲ. ಅದಕ್ಕೆ ಅಂಕೋಲೆಯ ಬಸ್ಸು ಹತ್ತಿ ಅತ್ತೆ ಜಯಂತಿಯ ಮನೆಗೆ ಹೋದ. ಜಯಂತಿ ಅಳಿಯನನ್ನು ಬಹುವಚನದಲ್ಲೇ ಮಾತಾಡಿಸುತ್ತಿದ್ದಳು. ಹಾಗಾದರೆ ಬೈದದ್ದು ಬೈದಂತೆ ಕಾಣುವುದಿಲ್ಲ.

"ಮನೆಮನೆಗೆ ಹೋಗಿ ಬಾಯ್ತುಂಬ ಕರೀಬೇಕು, ಅಳಿಯಂದ್ರೆ. ಫೋನ್ ಮಾಡಿ ಕರೂಕೆ ಅದೇನು ಗ್ಯಾಸ್ ಸಿಲಿಂಡರಾ?"

"ಹಳದಿ-ಕುಂಕುಮಕ್ಕೆ ಬನ್ನಿ ಅಂತ ಹೇಳಿದ್ರೆ ಸಾಕಲ್ಲ?"

"ಅಯ್ಯೋ ದೇವ್ರೆ! ಗಂಡಸು ಹೋಗಿ ಹೆಂಗಸರ ಹತ್ರ ಕುಂಕುಮಕ್ಕೆ ಬನ್ನಿ ಅಂತಾರಾ? ಅಸಹ್ಯ. ಪಾನ-ಸುಪಾರಿಗೆ ಬನ್ನಿ, ನಿಮ್ಮ ಹೆಸ್ರಿಂದು ತೆಗ್ದಿಟ್ಟಾಗದೆ ಅನ್ನಿ. ತಿಳಿಯೋರಿಗೆ ತಿಳೀತದೆ." ಅವಳು ಒಳಗಿಂದ ಒಂದು ಚೀಲ ಅಡಿಕೆ ತಂದು ಅವನ ಮಡಿಲಿಗಿಟ್ಟಳು. "ಎಲ್ಲ ಆರಿಸಿದ್ದು. ವಾಣಕ್ಕೆ ಏನು ಕೊಡ್ತ್ರಿ?"

"ಅದು ನಾನು ನೋಡ್ಕಂತೆ."

ವಾಪಸ್ಸು ಬರುವಾಗ ಅವನು ದಾರಿಯುದ್ದಕ್ಕೂ ಅಭ್ಯಾಸ ಮಾಡಿದ. ಆದರೆ 'ಪಾನ' ಎಂಬ ಶಬ್ದ ಅವನಿಗೆ ಹಿಡಿಸಲಿಲ್ಲ. ಪಾನು, ಗುಟಕಾ ಎಲ್ಲ ಬಿಟ್ಟು ಸಭ್ಯನಾದವನು. ಮತ್ತೆ ಜಗಿಯತೊಡಗಿದ್ದಾನೆಂದು ಗಲ್ಲಿಯವರಿಗೆ ಅನಿಸಬಾರದು. ಬಿಣಗಾ ಬರುವಷ್ಟರಲ್ಲಿ ಅವನು ಪಾನವನ್ನು ಕಿತ್ತುಹಾಕಿದ್ದ. "ನಿಮ್ಮ ಹೆಸ್ರಿಂದು ಸುಪಾರಿ ಆಗದೆ," ಎಂದು ಕಿಟಕಿಯ ಕಡೆ ಮುಖ ಮಾಡಿ ಬೇರೆ ಬೇರೆ ಧಾಟಿಯಲ್ಲಿ ಹೇಳಿಕೊಂಡ. ಪಕ್ಕದ ಸೀಟಿನವರು ಎದ್ದು ಹೋಗಿ ಬಾಗಿಲ ಬಳಿ ನಿಂತುಕೊಂಡರು.

ಗುರುವಾರ ಬೆಳಿಗ್ಗೆ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಅವನು ಮೊದಲು ವಕೀಲ ಉಮಾಮಹೇಶ್ವರರ ಮನೆಯ ಬಾಗಿಲು ತಟ್ಟಿದ. ಯಲ್ಲಾಪುರದ ಕಡೆ ಅಡಿಕೆ ತೋಟವಿರುವ, ಕಾರವಾರದ ಕೋರ್ಟಿನಲ್ಲಿ ಒಳ್ಳೆಯ ಹೆಸರಿರುವ ಕುಟುಂಬ. ಅವರ ಮನೆಯವರು ಬಂದರೆ ಉಳಿದವರೂ ಬರುತ್ತಾರೆ ಎಂದು ಅವನ ಎಣಿಕೆ. ಊರಿಗೆ ನುಗ್ಗುವಾಗ ಮೊದಲು ದೊಡ್ಡ ಮನೆ ಹಿಡಿಯಬೇಕೆಂಬುದು ಹಳೆಯ ಪಾಠ.

ವಕೀಲರ ಹೆಂಡತಿ ಪರಮೇಶ್ವರಿ ಬಾಗಿಲು ತೆಗೆದು, ಅರ್ಧ ಮುಚ್ಚಿದಳು.

"ವೈನೀ, ನಾಳೆ ಸಂಜೆ ಆರಕ್ಕೆ ನಮ್ಮನೆಗೆ ಬರ್ಬೇಕು."

"ಎಂತಕ್ಕೆ?"

"ಸುಪಾರಿ ಅದೆ. ನಿಮ್ಮ ಹೆಸ್ರಿಂದು ತೆಗ್ದಿಟ್ಟಾಗದೆ."

ಪರಮೇಶ್ವರಿ ಬಾಗಿಲನ್ನು ಇನ್ನಷ್ಟು ಮುಚ್ಚಿದಳು. ಸಂಕೋಚ ಪಡುತ್ತಿದ್ದಾರೆಂದು ತಿಳಿದು ಅವನು ಮುಂದುವರಿಸಿದ. "ಯಜಮಾನ್ರನ್ನ ಕರ್ಕಂಡು ಬರೂದು ಬೇಡ. ನೀವೊಬ್ರೇ ಬರ್ಬೇಕು. ಬರದೆ ಮಾತ್ರ ಇರ್ಬೇಡಿ ವೈನಿ. ನೀತಾ ಆದ್ರೆ ಪಾಪ ಸುಮ್ನಿರ್ತಾಳೆ, ನಂಗೆ ಸುಮ್ನಿರೂಕೆ ಆಗೂದಿಲ್ಲ."

ಅದು ಅವನ ಜೀವನದ ಅತ್ಯಂತ ಪ್ರಾಮಾಣಿಕ ಮಾತುಗಳಲ್ಲೊಂದು. ಗೇಟಿನವರೆಗೆ ಹೋದವನು ಏನೋ ನೆನಪಾಗಿ ತಿರುಗಿದ. "ಮತ್ತೆ, ಚಾಕು ಅದೆ. ನಾನೇ ಕೈಯಾರೆ ಮಸೆದದ್ದು. ಒಂದೇ ಏಟಿಗೆ ಮುಗೀತದೆ."

ಒಳಗೆ ಉಮಾಮಹೇಶ್ವರರು ಪೇಪರು ಮಡಚಿಟ್ಟು ಹೊರಗೆ ಬಂದರು. "ಎಂತ ಹೇಳ್ದ ಅಂವ?"

"ಸುಪಾರಿ ಇದ್ದಡ. ಎನ್ನ ಹೆಸರಿಂದು."

"ನಿನ್ನ ಹೆಸರಿಂದಾ? ಯಾರು ಕೊಟ್ಟಿದ್ದಡ?"

"ಆನು ಕೇಳಿದ್ನಿಲ್ಲೆ. ಚಾಕೂ ಮಸೆದಾಯ್ದಡ."

ಏಳು ತಲೆಮಾರಿನಿಂದ ಅಡಿಕೆ ಬೆಳೆದ ಮನೆತನ ಅದು. ಗೋಟು, ಬೆಟ್ಟೆ, ಚಾಲಿ ಎಂದು ಅಡಿಕೆಗೆ ಎಷ್ಟು ಹೆಸರಿದೆಯೋ ಅಷ್ಟೂ ಅವರಿಗೆ ಬರುತ್ತಿತ್ತು. ಸುಪಾರಿ ಎಂಬುದು ಮಾತ್ರ ಅವರಿಗೆ ಗೊತ್ತಿದ್ದದ್ದು ಪೇಪರಿನ ಅಪರಾಧದ ಪುಟದಿಂದ. ಇಂಥ ಪ್ರಕರಣಗಳಲ್ಲಿ ಪೊಲೀಸರು ಮೊದಲು ಅನುಮಾನಿಸುವುದು ಗಂಡನನ್ನು ಎಂಬುದೂ ವಕೀಲರಿಗೆ ಗೊತ್ತಿತ್ತು. ಆದ್ದರಿಂದ ತಾವೇ ಮೊದಲು ದೂರು ಕೊಡುವುದು ಕ್ಷೇಮವೆಂದುಕೊಂಡರು.

ಅಷ್ಟರಲ್ಲಿ ದೇವಿದಾಸ ಗಲ್ಲಿಯ ಅಷ್ಟೂ ಮನೆಗಳನ್ನು ಮುಗಿಸಿದ್ದ. ಉಳಿದವರ ಮನೆಮಾತು ಕೊಂಕಣಿ. ಸುಪಾರಿ ಎಂದರೆ ದೇವರ ಮುಂದೆ ಇಡುವ ಅಡಿಕೆ ಎಂದು ಹುಟ್ಟಿನಿಂದ ಬಲ್ಲವರು. ಅವರಿಗೆ ಅನುಮಾನ ಬರಬಾರದಿತ್ತು, ಮೊದಲಿಗೆ ಬರಲೂ ಇಲ್ಲ. ಆದರೆ ಮಧ್ಯಾಹ್ನ ಗಲ್ಲಿಯ ವಾಟ್ಸಾಪ್ ಗುಂಪಿನಲ್ಲಿ ವಕೀಲರು, 'ನಮ್ಮೆಲ್ಲರ ಹೆಂಡಂದಿರ ಹೆಸರಿನಲ್ಲಿ ಸುಪಾರಿ ಆಗಿರುವುದಾಗಿ ಆರೋಪಿಯೇ ಖುದ್ದು ತಿಳಿಸಿರುತ್ತಾನೆ' ಎಂದು ಬರೆದರು. ವಕೀಲರ ಭಾಷೆಯಲ್ಲಿ ಓದಿದ ಮೇಲೆ ಸ್ವಂತ ಮನೆಮಾತಿನ ಅರ್ಥದ ಮೇಲೆ ಭರವಸೆ ಇಡುವ ಧೈರ್ಯ ಯಾರಿಗೂ ಬರಲಿಲ್ಲ.

ಶುಕ್ರವಾರ ಸಂಜೆ ನೀತಾ ಬೇಗ ಬಂದು, ಮುಖ ತೊಳೆದು, ಹಸಿರು ಸೀರೆ ಉಟ್ಟಳು. ಜಗಲಿಗೆ ನೀರು ಹಾಕಿ ರಂಗೋಲಿ ಬಿಟ್ಟದ್ದಾಗಿತ್ತು, ಅದೂ ದೇವಿದಾಸನದೇ. ಒಳಗೆ ಚಾಪೆ, ದೀಪ, ಬೆಳ್ಳಿಯ ಕುಂಕುಮದ ಭರಣಿ. ಬಾಗಿಲ ಪಕ್ಕದ ಮೇಜಿನ ಮೇಲೆ ಬಟ್ಟೆ ಮುಚ್ಚಿಟ್ಟ ಏನೋ ಇತ್ತು. "ವಾಣ," ಎಂದ. "ಜನ ಬಂದ ಮೇಲೆ ತೆಗಿ."

ಆರು ಹೊಡೆಯಿತು. ದೇವಿದಾಸ ಗೇಟಿಗೆ ಹೋಗಿ ಬಂದ. ತಿಳಗುಳದ ಉಂಡೆಗಳ ತಟ್ಟೆಯನ್ನು ಎಡಗಡೆಯಿಂದ ಬಲಗಡೆಗೆ ಇಟ್ಟ. ಮತ್ತೆ ಗೇಟಿಗೆ ಹೋದ. ಎದುರಿನ ಮನೆಯ ಕಿಟಕಿಯಲ್ಲಿ ಪರದೆ ಅಲ್ಲಾಡಿತು, ಅವನು ನೋಡಿದೊಡನೆ ನಿಂತಿತು. ಆ ಕಡೆಯ ಮನೆಯಲ್ಲಿ ಯಾರೋ ಒಳಗಿನಿಂದ ಅಗಳಿ ಹಾಕಿದ ಸದ್ದು. ಈ ಸದ್ದುಗಳೆಲ್ಲ ಅವನಿಗೆ ಬಹಳ ಹಳೆಯ ಪರಿಚಯ. ಅವನು ನಡೆದುಹೋದ ಬೀದಿಗಳೆಲ್ಲ ಒಂದು ಕಾಲಕ್ಕೆ ಹೀಗೇ ಕೇಳಿಸುತ್ತಿದ್ದವು. ಆಗ ಅದು ಕೇಳಲು ಚೆನ್ನಾಗಿತ್ತು.

"ಕೂತ್ಕೊಳ್ಳಿ," ಎಂದಳು ನೀತಾ.

ಅವನು ಕೂತು ಎದ್ದ.

"ಎಲ್ರ ಮನೇಲೂ ನೀವೇನಂದ್ರಿ?"

"ಅತ್ತೆ ಹೇಳಿಕೊಟ್ಟ ಹಾಗೇ ಅಂದೆ."

ದೀಪದ ಬತ್ತಿಯನ್ನು ಅವಳು ಒಂದು ಸಲ ಮುಂದೂಡಿದಳು. ಎಣ್ಣೆ ಹಾಕಿದಳು. ಮುಡಿದ ಹೂವಿನ ಮೇಲೆ ಕೈ ಹೋಯಿತು. ತೆಗೆಯಲೋ ಬೇಡವೋ ಎಂದು ಕೈ ಅಲ್ಲೇ ನಿಂತಿತು. ಅದೇ ಹೊತ್ತಿಗೆ ಗಲ್ಲಿಯ ತಿರುವಿನಲ್ಲಿ ಗಾಡಿಯ ಸದ್ದಾಯಿತು. ಎಂಜಿನ್ನಿನ ಸದ್ದಿನ ಮೇಲೆ ಗಾಡಿ ಯಾವುದೆಂದು ಹೇಳಬಲ್ಲ ದೇವಿದಾಸನ ಮುಖ ಅದು ಕಾಣಿಸುವ ಮೊದಲೇ ಬಿಳುಚಿತು.

ಜೀಪು ಗೇಟಿನ ಮುಂದೆ ಬಂದು ನಿಂತಿತು.

ನೀತಾ ಎದ್ದು ಕೋಣೆಗೆ ಹೋದಳು. ತಿರುಗಿ ಬಂದಾಗ ಹಸಿರು ಸೀರೆಯ ಹೆಗಲ ಮೇಲೆ ಕೆಲಸಕ್ಕೆ ಒಯ್ಯುವ ಚೀಲವಿತ್ತು. "ನಾನು ಮೊದ್ಲೇ ಹೇಳಿದ್ದೆ," ಎಂದಳು. ಸಿಟ್ಟಿರಲಿಲ್ಲ, ಅದೇ ಅವನಿಗೆ ಕಷ್ಟವಾದದ್ದು.

"ನಾನು ಏನೂ ಮಾಡ್ಲಿಲ್ಲ, ನೀತಾ. ಬರೀ ಕರೆದೆ."

ಇಳಿದವರು ಇಬ್ಬರು. ಎಎಸ್‌ಐ ಸುನಿಲ ಘಟ್ಟದ ಮೇಲಿನ ಧಾರವಾಡದ ಕಡೆಯವನು, ಕಾರವಾರಕ್ಕೆ ಹೊಸಬ. ಮಹಿಳಾ ಪೇದೆ ಪ್ರಗತಿ ಸದಾಶಿವಗಡದವಳು. ಗಲ್ಲಿಯ ಕಿಟಕಿಗಳೆಲ್ಲ ಒಂದೊಂದು ಬೆರಳಷ್ಟು ತೆರೆದುಕೊಂಡವು.

"ಸುಪಾರಿ ಎಲ್ಲೈತಿ?" ಎಂದ ಸುನಿಲ.

"ಒಳಗದೆ, ಸಾಹೇಬ್ರೆ."

ಮೊದಲ ಪ್ರಶ್ನೆಗೇ ಒಪ್ಪಿಕೊಂಡ ಆರೋಪಿ ಸುನಿಲನಿಗೆ ಅದುವರೆಗೆ ಸಿಕ್ಕಿರಲಿಲ್ಲ. ಅವನಿಗೆ ಸ್ವಲ್ಪ ನಿರಾಸೆಯೇ ಆಯಿತು. "ಯಾರ್ ಕೊಟ್ಟಾರ?"

"ನಮ್ಮತ್ತೆ. ಅಂಕೋಲೆಯವ್ರು."

"ಅತ್ತಿ?"

"ಅವ್ರೇ ಒಂದೊಂದಾಗಿ ಆರಿಸಿ ಕೊಟ್ಟದ್ದು."

"ಎಷ್ಟ್ ಮಂದೀದು?"

"ಇಡೀ ಗಲ್ಲೀದು. ಒಬ್ರನ್ನ ಬಿಟ್ಟು ಒಬ್ರಿಗೆ ಹೇಳಿದ್ರೆ ಚಂದ ಕಾಣೂದಿಲ್ಲ ಅಲ್ದಾ?"

ಸುನಿಲ ಹೊಸ್ತಿಲಲ್ಲೇ ನಿಂತು ಪ್ರಗತಿಗೆ ಕಣ್ಣಿನಲ್ಲೇ ಸೂಚನೆ ಕೊಟ್ಟ. ಅವಳು ಬಾಗಿಲಿನಿಂದ ಕೈ ಚಾಚಿ ಮೇಜಿನ ಮೇಲಿನ ಬಟ್ಟೆ ಸರಿಸಿದಳು. ಹೊಸ ಚಾಕುಗಳು ಸಾಲಾಗಿ, ಹಿಡಿಗಳೆಲ್ಲ ಒಂದೇ ಕಡೆಗೆ, ದೀಪದ ಬೆಳಕಿಗೆ ಹೊಳೆಯುತ್ತ ಮಲಗಿದ್ದವು. ಪ್ರತಿಯೊಂದರ ಪಕ್ಕಕ್ಕೂ ಒಂದು ಪೊಟ್ಟಣ, ಪೊಟ್ಟಣದ ಮೇಲೆ ಗುಂಡಾದ ಅಕ್ಷರದಲ್ಲಿ ಒಂದೊಂದು ಹೆಂಗಸಿನ ಹೆಸರು. ಎಲ್ಲಕ್ಕಿಂತ ಮುಂದಿನದು ಪರಮೇಶ್ವರಿ ವೈನಿ.

ಸುನಿಲ ಎರಡು ಹೆಜ್ಜೆ ಹಿಂದೆ ಹೋದ. ಹೋದದ್ದು ರಂಗೋಲಿಯ ಮೇಲೆ.

ಪ್ರಗತಿ ಒಂದು ಪೊಟ್ಟಣ ಬಿಚ್ಚಿದಳು. ಎರಡು ವೀಳ್ಯದೆಲೆ, ಎರಡು ಅಡಿಕೆ, ಅರಿಶಿನದ ಕೊಂಬು. ಅವಳು ದೀಪ ನೋಡಿದಳು, ಭರಣಿ ನೋಡಿದಳು, ಹಸಿರು ಸೀರೆ ನೋಡಿದಳು. ಆಮೇಲೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು, ಕರ್ತವ್ಯದಲ್ಲಿರುವಾಗ ನಗಬಾರದೆಂದು.

"ಸರ್, ಇದು ಹಳದಿ-ಕುಂಕುಮ. ಸುಪಾರಿ ಅಂದ್ರೆ ಅಡಿಕೆ."

"ಅಡಕಿ ಅಂದ್ರ ಅಡಕಿ ಅನಬೇಕಪಾ! ಮತ್ತ ಚಾಕು?"

"ವಾಣ," ಎಂದ ದೇವಿದಾಸ.

"ವಾಣಕ್ಕೆ ಚಾಕು ಕೊಡ್ತಾರಾ ಯಾರಾದ್ರೂ?" ಇದು ನೀತಾ. ಚೀಲ ಇನ್ನೂ ಹೆಗಲ ಮೇಲೇ ಇತ್ತು.

"ಡಬ್ಬಿ ಎಲ್ರ ಮನೇಲೂ ಅದೆ. ಚಾಕು ಯಾರ ಮನೇಲೂ ಸರಿ ಇಲ್ಲ."

"ನಿಮ್ಗೆ ಹ್ಯಾಗೆ ಗೊತ್ತು?"

"ಟೊಮೆಟೊ ಹೆಚ್ಚೂ ಸದ್ದು ಇಲ್ಲಿವರೆಗೆ ಕೇಳ್ತದೆ, ನೀತಾ. ಟೊಮೆಟೊ ಹೆಚ್ಚುವಾಗ ಸದ್ದು ಬರ್ಬಾರ್ದು."

ಪ್ರಗತಿ ಬಗ್ಗಿ ಶೂಸಿನ ಲೇಸು ಬಿಚ್ಚತೊಡಗಿದಳು. ಗಂಟು ಬಿಗಿಯಾಗಿತ್ತು, ಹೊತ್ತು ಹಿಡಿಯಿತು. "ನಂಗೂ ಈ ವರ್ಷ ಯಾರೂ ಕರೀಲಿಲ್ಲ, ಅಕ್ಕಾ," ಎಂದಳು ಬಗ್ಗಿಕೊಂಡೇ. "ಮದುವೆ ಆಗಿ ಮೊದಲ್ನೇ ಸಂಕ್ರಾಂತಿ. ಖಾಕಿ ಕಂಡ್ರೆ ಯಾರು ಕರೀತಾರೆ? ನಾನು ಒಳಗೆ ಬರ್ಲಾ?"

ನೀತಾ ಚೀಲವನ್ನು ಹೆಗಲಿಂದ ಇಳಿಸಿ ಕುರ್ಚಿಯ ಮೇಲಿಟ್ಟಳು. ಪ್ರಗತಿ ಟೋಪಿ ತೆಗೆದು ಬಲಗಾಲಿಟ್ಟು ಹೊಸ್ತಿಲು ದಾಟಿದಳು. ಅವಳ ಹೆಸರಿನ ಪೊಟ್ಟಣ ಇರಲಿಲ್ಲ. ಸಾಲಿನ ಕೊನೆಗೆ ಒಂದು ಪೊಟ್ಟಣದ ಮೇಲೆ 'ನೀತಾ' ಎಂದೇ ಬರೆದಿತ್ತು. ಯಾರೂ ಬರದಿದ್ದರೆ ಇರಲಿ ಎಂದು ದೇವಿದಾಸ ಕಟ್ಟಿಟ್ಟಿದ್ದು. ನೀತಾ ಅದನ್ನು ಓದಿದಳು, ಗಂಡನ ಕಡೆ ಒಮ್ಮೆ ನೋಡಿದಳು, ಪೊಟ್ಟಣವನ್ನು ಪ್ರಗತಿಯ ಕೈಗಿಟ್ಟಳು.

ಗಂಡಸರು ಇರಬಾರದಾದ್ದರಿಂದ ದೇವಿದಾಸ ಮತ್ತು ಸುನಿಲ ಗೇಟಿನ ಹೊರಗೆ ಜೀಪಿಗೆ ಒರಗಿ ನಿಂತು ತಿಳಗುಳ ತಿಂದರು. ಉಂಡೆ ಗಟ್ಟಿಯಾಗಿತ್ತು, ಸುನಿಲ ಅದನ್ನು ಹೇಳಲಿಲ್ಲ.

ಸ್ವಲ್ಪ ಹೊತ್ತಿಗೆ ಪ್ರಗತಿ ಹಣೆಯಲ್ಲಿ ಕುಂಕುಮ, ಮುಡಿಯಲ್ಲಿ ಅಬ್ಬಲಿಗೆ ಹೂ, ಕೈಯಲ್ಲಿ ಚಾಕು ಹಿಡಿದು, ಬರಿಗಾಲಲ್ಲೇ ಗಲ್ಲಿ ದಾಟಿ ವಕೀಲರ ಬಾಗಿಲಿಗೆ ಹೋದಳು. "ಅಡಿಕೆ ವೈನೀ, ಅಡಿಕೆ," ಎಂದು ಅವಳು ಹೇಳಿದ್ದು ಎಲ್ಲ ಕಿಟಕಿಗಳಿಗೂ ಕೇಳಿಸಿತು.

ಪರಮೇಶ್ವರಿ ತಿರುಗಿ ಗಂಡನನ್ನು ನೋಡಿದಳು. "ಮನೆ ತುಂಬ ಅಡಿಕೆ ಬಿದ್ಕಂಡಿದ್ದು. ನಿಂಗಕ್ಕೆ ಅಡಿಕೆ ಹೇಳಿ ಗೊತ್ತಾಜಿಲ್ಯ?"

ವಕೀಲರು ಕನ್ನಡಕ ಒರೆಸಿಕೊಂಡರು.

"ಆ ಚಾಕು ಹೌದಾ, ಅಂವ ಹೇಳಿದ್ದು?" ಎಂದು ಪರಮೇಶ್ವರಿ ಪ್ರಗತಿಯ ಕೈಯಿಂದ ಅದನ್ನು ಇಸಿದುಕೊಂಡು ಹೆಬ್ಬೆರಳಿನಿಂದ ಮುಟ್ಟಿ ನೋಡಿದಳು. ಹತ್ತು ನಿಮಿಷದಲ್ಲಿ ಸೀರೆ ಬದಲಿಸಿ ಹೊರಟಳು. ದೊಡ್ಡ ಮನೆಯ ಬಾಗಿಲು ತೆರೆದದ್ದೇ ಉಳಿದ ಅಗಳಿಗಳೂ ಒಂದೊಂದಾಗಿ ಸರಿದವು. ಪ್ರೀತಿಯಿಂದ ಬಂದರೋ, ಚಾಕುವಿಗೆ ಬಂದರೋ, ಕೊಯ್ತಾ ದೇವುವಿನ ಮನೆ ಒಳಗಿನಿಂದ ಹೇಗಿದೆಯೆಂದು ನೋಡಲು ಬಂದರೋ ಹೇಳುವುದು ಕಷ್ಟ. ಏನಿದ್ದರೂ ಪೊಲೀಸರು ತನಿಖೆ ಮಾಡಿ ನಿರಪಾಯಕರವೆಂದು ತೀರ್ಮಾನಿಸಿದ ಹಳದಿ-ಕುಂಕುಮ ಹಬ್ಬುವಾಡಕ್ಕೆ ಅದೇ ಮೊದಲು.

ಉಮಾಮಹೇಶ್ವರರು ಗೇಟಿನ ತನಕ ಬಂದರು. "ನಮ್ಮನೆಯವಳು ಒಳಗಿದ್ದಾಳಲ್ಲ?"

"ಇದಾರೆ ವಕೀಲ್ರೆ. ಸುಪಾರಿ ತಕಂಡೇ ಬರ್ತಾರೆ," ಎಂದ ದೇವಿದಾಸ.

ಒಳಗಿನಿಂದ ಮಾತು ಕೇಳಿಸತೊಡಗಿತ್ತು. ಬಿಡಿ ಬಿಡಿಯಾಗಿ ಶುರುವಾದದ್ದು ಆಮೇಲೆ ಒಂದರ ಮೇಲೊಂದು ಬಿದ್ದು ಯಾರದೆಂದು ಗೊತ್ತಾಗದಂತಾಯಿತು. ಅದರ ನಡುವೆ ನೀತಾ ನಕ್ಕಳೇ ಎಂದು ಅವನು ಕಿವಿಯಿಟ್ಟು ಕೇಳಿದ. ಖಾತ್ರಿಯಾಗಲಿಲ್ಲ. ನಿಂತಲ್ಲಿ ನಿಲ್ಲಲಾರದೆ ಜಗಲಿಗೆ ಹೋದ. ಮೆಟ್ಟಿಲ ಮೇಲೆ ಚಪ್ಪಲಿಗಳು ಅಡ್ಡಾದಿಡ್ಡಿ ಬಿದ್ದಿದ್ದವು, ನಡುವೆ ಪ್ರಗತಿಯ ಪೊಲೀಸ್ ಶೂಸು. ಅವನು ಕುಕ್ಕರುಗಾಲಲ್ಲಿ ಕೂತು ಅವನ್ನು ಜೋಡಿ ಮಾಡಿ, ಮೂತಿ ಹೊರಗೆ ತಿರುಗಿಸಿ ಸಾಲಾಗಿ ಇಟ್ಟ. ಹಳೆಯ ಅಭ್ಯಾಸ, ಗಾಡಿ ಯಾವಾಗಲೂ ಓಡಲು ತಯಾರಾಗಿ ಮುಖ ಹೊರಗೆ ಮಾಡಿಯೇ ನಿಲ್ಲಬೇಕು.

ಎದ್ದು ನಿಂತು ನೋಡಿದ. ಏನೋ ಸರಿ ಕಾಣಲಿಲ್ಲ. ಒಳಗೆ ಈ ಸಲ ನಕ್ಕದ್ದು ಖಂಡಿತ ನೀತಾಳೇ.

ಅವನು ಮತ್ತೆ ಕೂತು, ಒಂದೊಂದೇ ಚಪ್ಪಲಿಯ ಮೂತಿಯನ್ನು ಮನೆಯ ಕಡೆಗೆ ತಿರುಗಿಸತೊಡಗಿದ.